ಗುಜರಿಗೆ ಕೊಟ್ಟದ್ದು ಮುಂದೆ ಏನಾಗುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯ ಒಣ ಕಸ ಮತ್ತು ಅದರ ಮರುಬಳಕೆಯ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆವು. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ನಮ್ಮ ಬಡಾವಣೆಯ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರದಲ್ಲಿ ಕೆಲವು ವರ್ಷಗಳಿಂದ ವಾರಕ್ಕೊಂದು ದಿನ ವಿಂಗಡಣೆಯ ಕೆಲಸಕ್ಕೆ ಕೂರುತ್ತಿದ್ದೇನೆ. ಪುಸ್ತಕಗಳಿಂದ ತಿಳಿದುಕೊಂಡದ್ದಕ್ಕಿಂತ ಹೆಚ್ಚನ್ನು ಅಲ್ಲಿನ ಕೆಲಸಗಾರರು ನನಗೆ ಕಲಿಸಿದ್ದಾರೆ.

ಪ್ರಶ್ನೆ: ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು, ಒಣಗಿಸಿ ಕಸದ ಗಾಡಿಗೆ ಕೊಡುತ್ತೇನೆ. ‘ಕೊನೆಗೆ ಎಲ್ಲವೂ ಒಂದೇ ಗುಂಡಿಗೆ ಹೋಗುತ್ತದೆ, ನೀರು ದಂಡ’ ಎಂದು ಮನೆಯವರು ಹೇಳುತ್ತಾರೆ. ಇಷ್ಟು ಚಿಕ್ಕ ಕೆಲಸದಿಂದ ನಿಜಕ್ಕೂ ಪ್ರಯೋಜನವಿದೆಯೇ? (ತುಮಕೂರಿನ ಗೃಹಿಣಿ)

ಉತ್ತರ: ಖಂಡಿತವಾಗಿ ಇದೆ. ಬಂದ ಪತ್ರಗಳಲ್ಲಿ ನಿಮ್ಮದನ್ನೇ ಮೊದಲಿಗೆ ಆರಿಸಿಕೊಂಡದ್ದಕ್ಕೂ ಅದೇ ಕಾರಣ. ಹಾಲಿನ ಪ್ಯಾಕೆಟ್ಟು ಒಂದೇ ಬಗೆಯ ಪ್ಲಾಸ್ಟಿಕ್ಕಿನಿಂದ, ಅಂದರೆ ಮೆದುವಾದ ಪಾಲಿಥಿನ್‌ನಿಂದ ಆದದ್ದು. ಬೇರೆ ಪದರಗಳ ಕಲಬೆರಕೆ ಇಲ್ಲದಿರುವುದರಿಂದ ಮರುಬಳಕೆಯ ಲೆಕ್ಕದಲ್ಲಿ ಅದು ಒಳ್ಳೆಯ ಸರಕು, ಗುಜರಿ ಅಂಗಡಿಯಲ್ಲಿ ಅದಕ್ಕೆ ಬೆಲೆಯೂ ಇದೆ. ಆದರೆ ಆ ಬೆಲೆ ಸ್ವಚ್ಛವಾದ, ಒಣಗಿದ ಪ್ಯಾಕೆಟ್ಟಿಗೆ ಮಾತ್ರ.

ತೊಳೆಯದ ಪ್ಯಾಕೆಟ್ಟಿನ ತಳದಲ್ಲಿ ಅರ್ಧ ಚಮಚದಷ್ಟಾದರೂ ಹಾಲು ಉಳಿದಿರುತ್ತದೆ. ಎರಡು ದಿನ ಕಳೆಯುವುದರೊಳಗೆ ಅದು ಹುಳಿತು, ಜಿಡ್ಡಾಗಿ, ಅದೇ ಚೀಲದಲ್ಲಿರುವ ಪೇಪರಿಗೂ ರಟ್ಟಿಗೂ ಅಂಟಿಕೊಳ್ಳುತ್ತದೆ. ವಿಂಗಡಿಸುವ ಹೆಂಗಸು ಆ ಚೀಲದ ಗಂಟು ಬಿಚ್ಚಿದಾಗ ಮೊದಲು ವಾಸನೆ ಬರುತ್ತದೆ, ಆಮೇಲೆ ಹುಳು ಕಾಣುತ್ತದೆ. ಅಂಥ ಚೀಲವನ್ನು ಆಕೆ ಪೂರ್ತಿ ಆಯುವುದಿಲ್ಲ, ಆಯಬೇಕೆಂದು ನಾವು ಬಯಸುವುದೂ ತಪ್ಪು. ಹೀಗೆ ಒಂದು ಪ್ಯಾಕೆಟ್ಟಿನ ಹಾಲು ತನ್ನ ಜೊತೆಗೆ ಒಂದು ಕಿಲೋ ಒಳ್ಳೆಯ ಪೇಪರನ್ನೂ ಗುಂಡಿಗೆ ಎಳೆದುಕೊಂಡು ಹೋಗುತ್ತದೆ.

ಶುದ್ಧವಾಗಿ ಬಂದ ಪ್ಯಾಕೆಟ್ಟಿನ ದಾರಿಯೇ ಬೇರೆ. ಅದನ್ನು ಯಂತ್ರದಲ್ಲಿ ಚೂರು ಮಾಡಿ, ಮತ್ತೊಮ್ಮೆ ತೊಳೆದು, ಒಣಗಿಸಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸುತ್ತಾರೆ. ಕರಗಿದ ಪ್ಲಾಸ್ಟಿಕ್ ಜಾಲರಿಯ ಮೂಲಕ ಹಾದು ಶಾವಿಗೆಯಂತೆ ಎಳೆಎಳೆಯಾಗಿ ನೀರಿನ ತೊಟ್ಟಿಗೆ ಇಳಿಯುತ್ತದೆ, ತಣ್ಣಗಾದ ಎಳೆಗಳನ್ನು ಕತ್ತರಿಸಿದರೆ ಕೊತ್ತಂಬರಿ ಕಾಳಿನಷ್ಟು ದಪ್ಪದ ಹರಳುಗಳಾಗುತ್ತವೆ. ಈ ವ್ಯಾಪಾರದಲ್ಲಿರುವವರು ಅದಕ್ಕೆ ‘ದಾಣಾ’ ಎನ್ನುತ್ತಾರೆ. ತೋಟಕ್ಕೆ ನೀರು ಹಾಯಿಸುವ ಕಪ್ಪು ಪೈಪು, ಕಸದ ಚೀಲ, ಹೊದಿಕೆಯ ಹಾಳೆ ಇವೆಲ್ಲ ಈ ಹರಳಿನಿಂದ ಆಗುತ್ತವೆ. ಪ್ಯಾಕೆಟ್ಟಿನಲ್ಲಿ ತೇವ ಉಳಿದಿದ್ದರೆ ಕರಗುವಾಗ ಅದು ಆವಿಯಾಗಿ ಗುಳ್ಳೆ ಏಳುತ್ತದೆ, ಗುಳ್ಳೆ ಎದ್ದ ಕಡೆ ಪೈಪು ಸೀಳುತ್ತದೆ. ತೊಳೆಯುವುದರ ಜೊತೆಗೆ ಒಣಗಿಸುವುದೂ ಮುಖ್ಯ ಎನ್ನುವುದು ಇದಕ್ಕಾಗಿ.

ನೀರಿನ ಬಗ್ಗೆ ನಿಮ್ಮ ಮನೆಯವರ ಕಾಳಜಿ ನ್ಯಾಯವಾದದ್ದು. ಪ್ಯಾಕೆಟ್ಟಿಗೆ ತುಸು ನೀರು ಹಾಕಿ ಕುಲುಕಿ, ಆ ನೀರನ್ನು ಹಾಲಿನ ಪಾತ್ರೆಗೇ ಬಗ್ಗಿಸುವ ರೂಢಿ ಅನೇಕ ಮನೆಗಳಲ್ಲಿದೆ. ಹಾಗೆ ಮಾಡಿದ ಮೇಲೆ ಅಕ್ಕಿ ತೊಳೆದ ನೀರಿನಲ್ಲಿ ಒಮ್ಮೆ ಜಾಲಿಸಿ ತೆಗೆದರೆ ಸಾಕು, ನಲ್ಲಿ ತಿರುಗಿಸುವ ಅಗತ್ಯವೇ ಇಲ್ಲ. ಇನ್ನೊಂದು ವಿನಂತಿ. ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿಯಾಗಿ ಕತ್ತರಿಸಬೇಡಿ. ಅರ್ಧ ಸೀಳಿ, ಆ ತುಂಡು ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಬಿಡಿ. ಉಗುರಿನಷ್ಟಿರುವ ಆ ತ್ರಿಕೋನದ ತುಂಡನ್ನು ಯಾವ ಕೈಯೂ ಆಯಲಾರದು. ಅದು ಸಿಂಕಿನಿಂದ ಚರಂಡಿಗೋ, ತರಕಾರಿ ಸಿಪ್ಪೆಯ ಜೊತೆ ಗೊಬ್ಬರದ ಗುಂಡಿಗೋ ಸೇರಿ ಅಲ್ಲಿಯೇ ಉಳಿಯುತ್ತದೆ. ದಿನಕ್ಕೆ ಎರಡು ಪ್ಯಾಕೆಟ್ಟು ತರುವ ಮನೆಯಲ್ಲಿ ವರ್ಷಕ್ಕೆ 730 ತುಂಡು ಎಂದು ಲೆಕ್ಕ ಹಾಕಿದರೆ ಇದು ಸಣ್ಣ ಮಾತಲ್ಲವೆಂದು ತಿಳಿಯುತ್ತದೆ.

‘ಒಂದೇ ಗುಂಡಿಗೆ ಹೋಗುತ್ತದೆ’ ಎನ್ನುವ ಮಾತು ಕೆಲವು ಊರುಗಳಲ್ಲಿ ಈಗಲೂ ನಿಜ. ಬೆಂಗಳೂರಿನಲ್ಲಿಯೂ ಹಾಗೆಯೇ ಇತ್ತು. ನಗರದ ಕಸವನ್ನೆಲ್ಲ ತನ್ನ ಮೇಲೆ ಸುರಿಸಿಕೊಂಡ ಮಂಡೂರಿನ ಜನ ವರ್ಷಗಟ್ಟಲೆ ಪ್ರತಿಭಟಿಸಿದ ಮೇಲೆ 2014ರ ಕೊನೆಯಲ್ಲಿ ಅಲ್ಲಿಗೆ ಲಾರಿಗಳು ಹೋಗುವುದು ನಿಂತಿತು. ಮರುವರ್ಷ, 2015ರ ಡಿಸೆಂಬರ್‌ನಲ್ಲಿ, ಹಸಿ ಕಸಕ್ಕೆ ಹಸಿರು ಬುಟ್ಟಿ, ಪ್ಯಾಡು, ಡೈಪರುಗಳಂಥ ನೈರ್ಮಲ್ಯದ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ ಎಂಬ ಕ್ರಮವನ್ನು ಬೆಂಗಳೂರಿನ ಮನೆಗಳು ಪಾಲಿಸಬೇಕೆಂದು ಕರ್ನಾಟಕ ಹೈಕೋರ್ಟ್ ಆದೇಶಿಸಿತು. ನಿಮ್ಮ ಊರಿನ ಗಾಡಿ ಎಲ್ಲವನ್ನೂ ಬೆರೆಸುತ್ತಿದ್ದರೆ ತೊಳೆದ ಪ್ಯಾಕೆಟ್ಟುಗಳನ್ನು ಗಾಡಿಗೆ ಕೊಡಬೇಡಿ. ಒಂದು ಚೀಲದಲ್ಲಿ ಕೂಡಿಟ್ಟು ತಿಂಗಳಿಗೊಮ್ಮೆ ನೇರವಾಗಿ ಗುಜರಿ ಅಂಗಡಿಗೆ ತಲುಪಿಸಿ.

ಪ್ರಶ್ನೆ: ಪ್ಲಾಸ್ಟಿಕ್ ಡಬ್ಬಿಗಳ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗಿನ ಅಂಕೆಗಳಿರುತ್ತವೆ. ಆ ಗುರುತಿದ್ದರೆ ಅದು ಮರುಬಳಕೆಯ ಪ್ಲಾಸ್ಟಿಕ್ ಎಂದು ಅರ್ಥವೇ? (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ)

ಉತ್ತರ: ಅಲ್ಲ. ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂಬುದನ್ನಷ್ಟೇ ಹೇಳುತ್ತದೆ. ನೀರಿನ ಮತ್ತು ತಂಪು ಪಾನೀಯದ ಬಾಟಲಿ 1, ಅಂದರೆ ಪೆಟ್. ಶಾಂಪೂ, ಫಿನಾಯಿಲ್ ಡಬ್ಬಿಗಳ ಗಟ್ಟಿ ಪಾಲಿಥಿನ್ 2. ನಲ್ಲಿಯ ಗಟ್ಟಿ ಪೈಪು, ವೈರಿನ ಹೊದಿಕೆಗಳ ಪಿವಿಸಿ 3. ಹಾಲಿನ ಪ್ಯಾಕೆಟ್ಟಿನಂಥ ಮೆದು ಪಾಲಿಥಿನ್ 4. ಊಟದ ಪಾರ್ಸೆಲ್ ಬರುವ ಡಬ್ಬಿಗಳ ಪಾಲಿಪ್ರೊಪಿಲಿನ್ 5. ಥರ್ಮೋಕೋಲ್ 6. ಉಳಿದದ್ದೆಲ್ಲವೂ, ಬೆರಕೆ ಪದರದವೂ ಸೇರಿ, 7. ನಮ್ಮ ಕಡೆ 1, 2, 4 ಮತ್ತು 5 ಸುಲಭವಾಗಿ ಮಾರಾಟವಾಗುತ್ತವೆ. ಥರ್ಮೋಕೋಲ್ ಕರಗಬಲ್ಲದಾದರೂ ಅದರ ಬಹುಪಾಲು ಗಾಳಿಯೇ ಆಗಿರುವುದರಿಂದ ಲಾರಿ ತುಂಬ ಸಾಗಿಸಿದರೂ ತೂಕ ಬರುವುದಿಲ್ಲ, ಬಾಡಿಗೆಯೇ ಹೆಚ್ಚಾಗುತ್ತದೆ.

ವಿದ್ಯಾರ್ಥಿಯಾಗಿರುವುದರಿಂದ ನಿಮಗೊಂದು ಪ್ರಯೋಗ ಹೇಳುತ್ತೇನೆ. ನೀರಿನ ಬಾಟಲಿಯ ಗೋಡೆಯಿಂದ ಒಂದು ಚೂರು, ಅದರ ಮುಚ್ಚಳದಿಂದ ಒಂದು ಚೂರು ಕತ್ತರಿಸಿ ಬಕೆಟ್ಟಿನ ನೀರಿಗೆ ಹಾಕಿ. ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ್ದು ತೇಲುತ್ತದೆ. ಒಂದೇ ವಸ್ತುವಿನಂತೆ ಕಾಣುವ ಬಾಟಲಿಯಲ್ಲಿ ಎರಡು ಜಾತಿಯ ಪ್ಲಾಸ್ಟಿಕ್ ಇದೆ ಎಂಬುದು ಕಣ್ಣಿಗೆ ಕಾಣುತ್ತದೆ. ಕಾರ್ಖಾನೆಗಳಲ್ಲಿಯೂ ಇದೇ ಉಪಾಯದಿಂದ ಇವನ್ನು ಬೇರ್ಪಡಿಸುತ್ತಾರೆ. ಮುಳುಗಿದ ಪೆಟ್ ಚೂರುಗಳನ್ನು ಸುಮಾರು 260 ಡಿಗ್ರಿಯಲ್ಲಿ ಕರಗಿಸಿ, ಸಣ್ಣ ರಂಧ್ರಗಳ ಮೂಲಕ ಎಳೆದಾಗ ಪಾಲಿಯೆಸ್ಟರ್ ನೂಲಾಗುತ್ತದೆ. ದಿಂಬಿನೊಳಗೆ ತುಂಬುವ ಬಿಳಿ ಹತ್ತಿಯಂಥ ನಾರು, ಆಟದ ಅಂಗಿ, ಶಾಲೆಯ ಬ್ಯಾಗಿನ ಬಟ್ಟೆ ಇವುಗಳಲ್ಲಿ ಎಷ್ಟೋ ಪಾಲು ಹಿಂದೊಮ್ಮೆ ನೀರಿನ ಬಾಟಲಿಯಾಗಿದ್ದದ್ದೇ. ಆದ್ದರಿಂದ ಬಾಟಲಿಯೊಳಗೆ ಸಿಗರೇಟು ತುಂಡು, ಎಲೆ ಅಡಿಕೆಯ ಉಗುಳು ತುಂಬಿ ಎಸೆಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಪ್ರಶ್ನೆ: ರದ್ದಿ ಅಂಗಡಿಯವನು ದಿನಪತ್ರಿಕೆಗೆ ಒಂದು ದರ, ನೋಟ್‌ಬುಕ್ಕಿಗೆ ಇನ್ನೊಂದು, ರಟ್ಟಿಗೆ ಮತ್ತೊಂದು ಹೇಳುತ್ತಾನೆ, ಮದುವೆ ಕರೆಯೋಲೆಗಳನ್ನಂತೂ ಮುಟ್ಟುವುದೇ ಇಲ್ಲ. ಎಲ್ಲವೂ ಕಾಗದವೇ ತಾನೇ? (ಹುಬ್ಬಳ್ಳಿಯ ನಿವೃತ್ತ ನೌಕರರು)

ಉತ್ತರ: ಅಂಗಡಿಯವನು ಮೋಸ ಮಾಡುತ್ತಿಲ್ಲ, ಅವನು ಕಾಗದದ ನಾರಿಗೆ ಬೆಲೆ ಕಟ್ಟುತ್ತಿದ್ದಾನೆ. ಕಾಗದವೆಂದರೆ ಮರದ, ಬಿದಿರಿನ ಅಥವಾ ಕಬ್ಬಿನ ಸಿಪ್ಪೆಯ ನಾರುಗಳು ಒಂದಕ್ಕೊಂದು ಹೆಣೆದುಕೊಂಡ ತೆಳು ಚಾಪೆ. ಹಳೆಯ ಕಾಗದವನ್ನು ದೊಡ್ಡ ತೊಟ್ಟಿಯಲ್ಲಿ ನೀರು ಹಾಕಿ ಕಡೆದರೆ ಆ ಹೆಣಿಗೆ ಬಿಚ್ಚಿಕೊಂಡು ರಾಗಿ ಅಂಬಲಿಯಂಥ ಗಂಜಿಯಾಗುತ್ತದೆ. ಪಿನ್ನು, ದಾರ, ಅಂಟಿನ ಪಟ್ಟಿಗಳನ್ನು ಜಾಲರಿಯಲ್ಲಿ ಸೋಸುತ್ತಾರೆ. ಬಿಳಿ ಕಾಗದ ಬೇಕಾದರೆ ಸಾಬೂನು ಬೆರೆಸಿ ಕೆಳಗಿನಿಂದ ಗಾಳಿಯ ಗುಳ್ಳೆಗಳನ್ನು ಊದುತ್ತಾರೆ. ಮಸಿಯ ಕಣಗಳು ಗುಳ್ಳೆಗೆ ಅಂಟಿ ನೊರೆಯಾಗಿ ಮೇಲೆ ಬರುತ್ತವೆ, ಆ ಕಪ್ಪು ನೊರೆಯನ್ನು ಕೆನೆ ತೆಗೆದಂತೆ ತೆಗೆಯುತ್ತಾರೆ. ಕಂದು ಬಣ್ಣದ ರಟ್ಟಿನ ಪೆಟ್ಟಿಗೆಗೆ ಈ ಮಸಿ ತೆಗೆಯುವ ಕೆಲಸ ಬೇಕಿಲ್ಲ.

ಪ್ರತಿ ಸಲ ಹೀಗೆ ಕಡೆದಾಗಲೂ ನಾರು ತುಂಡಾಗಿ ಗಿಡ್ಡವಾಗುತ್ತದೆ. ಐದರಿಂದ ಏಳು ಸಲ ಕಳೆದ ಮೇಲೆ ಹೆಣೆದುಕೊಳ್ಳುವ ಶಕ್ತಿಯೇ ಉಳಿಯುವುದಿಲ್ಲ. ನೋಟ್‌ಬುಕ್ಕಿನ ಬಿಳಿ ಹಾಳೆಯಲ್ಲಿ ನಾರು ಉದ್ದವಾಗಿ, ಗಟ್ಟಿಯಾಗಿರುತ್ತದೆ. ದಿನಪತ್ರಿಕೆಯದು ಅದಕ್ಕಿಂತ ಬಡಕಲು. ಮೊಟ್ಟೆ ಇಡುವ ಬೂದು ಬಣ್ಣದ ತಟ್ಟೆಗೆ ಬರುವ ಹೊತ್ತಿಗೆ ಅದರ ಆಯುಸ್ಸು ಬಹುತೇಕ ಮುಗಿದಿರುತ್ತದೆ. ಆ ತಟ್ಟೆಯನ್ನು ಮಾಡುವುದು ನೋಡಲು ಸೊಗಸು. ತಂತಿಜಾಲರಿಯ ಅಚ್ಚನ್ನು ಗಂಜಿಯೊಳಗೆ ಅದ್ದಿ, ಹಿಂದಿನಿಂದ ನೀರನ್ನು ಹೀರಿದರೆ ನಾರು ಅಚ್ಚಿಗೆ ಅಂಟಿಕೊಂಡು ತಟ್ಟೆಯ ಆಕಾರ ಪಡೆಯುತ್ತದೆ. ಬಿಸಿಲಿಗಿಟ್ಟು ಒಣಗಿಸಿದರೆ ಮುಗಿಯಿತು. ಒದ್ದೆಯಾದ ಮೊಟ್ಟೆ ತಟ್ಟೆಯನ್ನು ಹರಿದು ಎಲೆಗೊಬ್ಬರದ ಗುಂಡಿಗೆ ಹಾಕಿದರೆ ಚೆನ್ನಾಗಿ ಕರಗುತ್ತದೆ.

ಕರೆಯೋಲೆಯ ತೊಂದರೆ ಅದರ ಮೇಲಿನ ಪ್ಲಾಸ್ಟಿಕ್ ಹೊಳಪು, ಚಿನ್ನದ ಬಣ್ಣದ ಹಾಳೆ ಮತ್ತು ಮಿನುಗಿನದು. ಇವು ನೀರಿನಲ್ಲಿ ಬಿಚ್ಚಿಕೊಳ್ಳದೆ ಗಂಜಿಯನ್ನು ಕೆಡಿಸುತ್ತವೆ. ಮನೆಯಲ್ಲಿ ಮದುವೆ ಇಟ್ಟುಕೊಂಡವರು ಕರೆಯೋಲೆಯನ್ನು ಬರಿಯ ಕಾಗದದಲ್ಲಿ ಅಚ್ಚು ಹಾಕಿಸಿದರೆ ಅಷ್ಟೇ ಅಂದವಾಗಿರುತ್ತದೆಂದು ನಾನು ಮನಸಾರೆ ನಂಬಿದ್ದೇನೆ. ಎಣ್ಣೆ ಕುಡಿದ ಬೋಂಡಾ ಪೊಟ್ಟಣ, ಸಾಂಬಾರು ತಾಗಿದ ಪಾರ್ಸೆಲ್ ಕಾಗದ, ಕೈ ಒರೆಸಿದ ಟಿಶ್ಯೂ ಇವೂ ಬೇಡ. ಎಣ್ಣೆ ನಾರಿನೊಳಗೆ ಇಳಿದರೆ ನೀರಿನಿಂದ ಹೋಗುವುದಿಲ್ಲ. ಎಟಿಎಂ ಚೀಟಿ, ಅಂಗಡಿಯ ಯಂತ್ರದಿಂದ ಬರುವ ನುಣುಪಾದ ಬಿಲ್ಲುಗಳು ಶಾಖಕ್ಕೆ ಕಪ್ಪಾಗುವ ರಾಸಾಯನಿಕ ಬಳಿದ ಕಾಗದಗಳು. ಅವನ್ನು ಒಳ್ಳೆಯ ರದ್ದಿಯ ಜೊತೆ ಬೆರೆಸಬಾರದು. ಹಣ್ಣಿನ ರಸ, ಕೆಡದ ಹಾಲು ಬರುವ ರಟ್ಟಿನ ಡಬ್ಬಿಗಳಲ್ಲಿ ಮುಕ್ಕಾಲು ಪಾಲು ಒಳ್ಳೆಯ ಕಾಗದ, ಉಳಿದದ್ದು ಪಾಲಿಥಿನ್ ಮತ್ತು ತೆಳು ಅಲ್ಯೂಮಿನಿಯಂ. ಇವನ್ನು ಬೇರ್ಪಡಿಸುವ ಕಾರ್ಖಾನೆಗಳಿರುವುದರಿಂದ ಡಬ್ಬಿಯನ್ನು ಬಿಚ್ಚಿ, ತೊಳೆದು, ಚಪ್ಪಟೆ ಮಾಡಿ ಬೇರೆಯಾಗಿ ಕಟ್ಟಿಕೊಡಿ. ಉಳಿದ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಬೆರಕೆಯನ್ನು ಒತ್ತಿ ಹಲಗೆ ಮಾಡುತ್ತಾರೆ, ಶಾಲೆಯ ಬೆಂಚು ಮತ್ತು ಚಾವಣಿಯ ತಗಡಿಗೆ ಅದು ಒದಗುತ್ತದೆ.

ಹಳೆಯ ಪತ್ರಿಕೆಯಲ್ಲಿ ತಿಂಡಿ ಕಟ್ಟಿಕೊಡುವುದೂ ಮರುಬಳಕೆಯೇ ಅಲ್ಲವೇ ಎಂದು ಇನ್ನಿಬ್ಬರು ಕೇಳಿದ್ದಾರೆ. ಮಸಿಯಲ್ಲಿರುವ ರಾಸಾಯನಿಕಗಳು ಬಿಸಿ ಎಣ್ಣೆಗೆ ಬಿಟ್ಟುಕೊಳ್ಳುತ್ತವೆ. ಹಾಗೆ ಕಟ್ಟಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿಯೇ ತಿಳಿಸಿದೆ. ಮುತ್ತುಗದ ಎಲೆ, ಬಾಳೆಲೆ ನಮ್ಮಲ್ಲಿ ಇದ್ದೇ ಇವೆ.

ಪ್ರಶ್ನೆ: ಸೀಸೆಗಳನ್ನು ಕೊಳ್ಳುವ ಗುಜರಿಯವರು ಒಡೆದ ಗಾಜು ಎಂದರೆ ಮುಖ ತಿರುಗಿಸುತ್ತಾರೆ. ಕರಗಿಸುವುದಾದರೆ ಒಡೆದರೇನು, ಇಡಿಯಾಗಿದ್ದರೇನು? (ಮಂಗಳೂರಿನ ಓದುಗರು)

ಉತ್ತರ: ಗುಜರಿಯವರು ಕೊಳ್ಳುವ ಇಡೀ ಸೀಸೆ ಸಾಮಾನ್ಯವಾಗಿ ಕುಲುಮೆಗೆ ಹೋಗುವುದೇ ಇಲ್ಲ. ಬಿಯರ್ ಸೀಸೆಗಳು ಕಾರ್ಖಾನೆಗೆ ಮರಳಿ, ಬಿಸಿಯಾದ ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆಸಿಕೊಂಡು ಮತ್ತೆ ತುಂಬಿಸಿಕೊಳ್ಳುತ್ತವೆ. ನಿಮ್ಮ ಕಡೆಯ ಗೋಲಿ ಸೋಡಾ ಬಾಟಲಿ ಅದಕ್ಕೆ ಇನ್ನೂ ಒಳ್ಳೆಯ ಉದಾಹರಣೆ: ಅಂಗಡಿಯ ಮುಂದೆ ನಿಂತೇ ಕುಡಿದು ಬಾಟಲಿಯನ್ನು ಹಿಂದಿರುಗಿಸುವ ಪದ್ಧತಿಯಿಂದಾಗಿ ಒಂದೇ ಬಾಟಲಿ ವರ್ಷಗಟ್ಟಲೆ ದುಡಿದಿದೆ. ಕರಗಿಸುವುದಕ್ಕಿಂತ ತೊಳೆದು ತುಂಬುವುದು ಎಷ್ಟೋ ಮೇಲು, ಏಕೆಂದರೆ ಗಾಜಿನ ಕುಲುಮೆಗೆ ಸುಮಾರು 1,500 ಡಿಗ್ರಿ ಶಾಖ ಬೇಕು.

ಒಡೆದ ಗಾಜಿಗೂ ಉಪಯೋಗ ಖಂಡಿತ ಇದೆ. ಗಾಜನ್ನು ಎಷ್ಟು ಸಲ ಕರಗಿಸಿದರೂ ಗುಣ ಕೆಡುವುದಿಲ್ಲ. ಮರಳು, ಸೋಡಾ, ಸುಣ್ಣಕಲ್ಲಿನ ಜೊತೆ ಹಳೆಯ ಗಾಜಿನ ಚೂರು ಹಾಕಿದರೆ ಮಿಶ್ರಣ ಬೇಗ ಕರಗುತ್ತದೆ, ಶೇ 10ರಷ್ಟು ಚೂರು ಸೇರಿಸಿದರೆ ಇಂಧನದಲ್ಲಿ ಶೇ 2.5ರಿಂದ 3ರಷ್ಟು ಉಳಿತಾಯವಾಗುತ್ತದೆ. ನಮ್ಮ ಹೆಣ್ಣುಮಕ್ಕಳು ತೊಡುವ ಗಾಜಿನ ಬಳೆಗಳು ಬರುವ ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ ಒಡೆದ ಬಳೆಗಳೂ ಮತ್ತೆ ಕುಲುಮೆ ಸೇರುತ್ತವೆ. ಆದರೆ ಚೂರು ಹೊತ್ತೊಯ್ಯುವವರ ಕೈ ಕೊಯ್ಯುತ್ತದೆ, ತೂಕಕ್ಕೆ ಸಿಗುವ ಕಾಸು ಕಡಿಮೆ, ಜೊತೆಗೆ ಯಾವ ಗಾಜು ಎಂದು ಗುರುತಿಸಲಾಗದು. ಪಿಂಗಾಣಿ ಬಟ್ಟಲಿನ ಒಂದು ಚೂರು ಬೆರೆತರೂ ಅದು ಕರಗದೆ ಕಲ್ಲಾಗಿ ಉಳಿದು, ಹೊಸ ಸೀಸೆ ಆ ಜಾಗದಲ್ಲಿಯೇ ಬಿರುಕು ಬಿಡುತ್ತದೆ. ಓವನ್ನಿನಲ್ಲಿಡುವ ಗಾಜಿನ ಪಾತ್ರೆ, ಕಿಟಕಿಯ ಗಾಜು, ಕನ್ನಡಿ ಇವನ್ನೂ ಸೀಸೆಯ ಗಾಜಿನೊಡನೆ ಬೆರೆಸಬಾರದು. ಟ್ಯೂಬ್‌ಲೈಟಿನಲ್ಲಿ ಪಾದರಸ ಇರುವುದರಿಂದ ಅದು ಇಲ್ಲಿಗೆ ಸೇರಿದ್ದಲ್ಲ, ಒಡೆಯದೆ ಇ-ತ್ಯಾಜ್ಯದ ಜೊತೆ ಕೊಡಬೇಕು.

ಪ್ರಶ್ನೆ: ಚಿಪ್ಸ್, ಬಿಸ್ಕತ್ತು ಪ್ಯಾಕೆಟ್ಟುಗಳನ್ನೂ ತೊಳೆದು ಕೊಟ್ಟರೆ ಮರುಬಳಕೆಯಾಗುತ್ತವೆಯೇ? ಇವುಗಳಿಂದ ರಸ್ತೆ ಮಾಡುತ್ತಾರೆಂದು ಕೇಳಿದ್ದೇನೆ. (ಮೈಸೂರಿನ ಶಿಕ್ಷಕಿ)

ಉತ್ತರ: ಹಾಲಿನ ಪ್ಯಾಕೆಟ್ಟಿನಂತೆ ಇವು ಹರಳಾಗಲಾರವು. ಒಂದು ಚಿಪ್ಸ್ ಪ್ಯಾಕೆಟ್ಟನ್ನು ಬಿಚ್ಚಿ ಒಳಭಾಗ ನೋಡಿ. ಬೆಳ್ಳಿಯಂತೆ ಹೊಳೆಯುವುದು ಪ್ಲಾಸ್ಟಿಕ್ಕಿನ ಮೇಲೆ ಕೂರಿಸಿದ ಅಲ್ಯೂಮಿನಿಯಂ ಪೊರೆ, ಹೊರಗಡೆ ಬಣ್ಣದ ಚಿತ್ರವಿರುವ ಇನ್ನೊಂದು ಪ್ಲಾಸ್ಟಿಕ್. ಬೇರೆ ಬೇರೆ ಶಾಖಕ್ಕೆ ಕರಗುವ ಈ ಪದರಗಳನ್ನು ಕಡಿಮೆ ಖರ್ಚಿನಲ್ಲಿ ಬಿಡಿಸುವುದು ಸಾಧ್ಯವಾಗಿಲ್ಲ. ಹೀಗಾಗಿ ಒಣ ಕಸದಲ್ಲಿ ಯಾರೂ ಕೊಳ್ಳದ ಸರಕು ಇದೇ ಹೆಚ್ಚು. ಹೆಚ್ಚಿನ ಪಾಲು ಸಿಮೆಂಟ್ ಕಾರ್ಖಾನೆಗಳಿಗೆ ಇಂಧನವಾಗಿ ಹೋಗುತ್ತದೆ, ಅಲ್ಲಿನ ಗೂಡುಗಳಲ್ಲಿ 1,400 ಡಿಗ್ರಿಗೂ ಮೀರಿದ ಶಾಖವಿರುವುದರಿಂದ ಬಯಲಲ್ಲಿ ಸುಟ್ಟಾಗ ಬರುವಂಥ ವಿಷದ ಹೊಗೆ ಹೆಚ್ಚಾಗಿ ನಾಶವಾಗುತ್ತದೆ.

ರಸ್ತೆಯ ವಿಷಯ ನಿಜ. ಮಧುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಈ ವಿಧಾನವನ್ನು ರೂಪಿಸಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಜಲ್ಲಿಯನ್ನು ಸುಮಾರು 160ರಿಂದ 170 ಡಿಗ್ರಿಗೆ ಕಾಯಿಸಿ ಅದರ ಮೇಲೆ ಪ್ಲಾಸ್ಟಿಕ್ ಚೂರು ಉದುರಿಸಿದರೆ, ಕರಗಿದ ಪ್ಲಾಸ್ಟಿಕ್ ಪ್ರತಿ ಕಲ್ಲಿಗೂ ತೆಳುವಾದ ಅಂಗಿ ತೊಡಿಸಿದಂತೆ ಅಂಟುತ್ತದೆ. ಆಮೇಲೆ ಹಾಕಿದ ಡಾಂಬರು ಆ ಕಲ್ಲನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಮಳೆನೀರು ಒಳಗೆ ಇಳಿಯುವುದು ಕಡಿಮೆಯಾಗುತ್ತದೆ. ಬೆಂಗಳೂರಿನಲ್ಲಿಯೂ ಎರಡು ದಶಕಗಳಿಂದ ಪ್ಲಾಸ್ಟಿಕ್ ಬೆರೆಸಿದ ಡಾಂಬರು ರಸ್ತೆಗಳು ಆಗಿವೆ. ರಸ್ತೆ ಕಟ್ಟುವ ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 2013ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಡಾಂಬರಿನ ತೂಕದ ಶೇ 6ರಿಂದ 8ರಷ್ಟು ಪ್ಲಾಸ್ಟಿಕ್ ಬಳಸಬಹುದು. ಪಿವಿಸಿಯನ್ನು ಮಾತ್ರ ಸೇರಿಸಲೇಬಾರದು, ಕಾದರೆ ಅದರಿಂದ ಕ್ಲೋರಿನ್ ಇರುವ ಅನಿಲ ಹೊರಡುತ್ತದೆ.

ಆದರೂ ಇದನ್ನು ಹಾಲಿನ ಪ್ಯಾಕೆಟ್ಟಿನ ಮರುಬಳಕೆಗೆ ಸಮವೆಂದು ನಾನು ಎಣಿಸುವುದಿಲ್ಲ. ರಸ್ತೆಗೆ ಸೇರಿದ ಪ್ಲಾಸ್ಟಿಕ್ ಮತ್ತೆ ಕೈಗೆ ಬರುವುದಿಲ್ಲ, ಗೂಡಿಗೆ ಸೇರಿದ್ದಂತೂ ಅಲ್ಲಿಗೇ ಮುಗಿಯಿತು. ನಿಮ್ಮ ಶಾಲೆಯ ಮಕ್ಕಳಿಗೆ ತಿಂಡಿ ಡಬ್ಬಿಯಲ್ಲಿ ಕಡಲೆಕಾಯಿ ಬರ್ಫಿಯನ್ನೋ ಮಂಡಕ್ಕಿಯನ್ನೋ ತರುವಂತೆ ಹೇಳುವುದು ಇದಕ್ಕಿಂತ ಉತ್ತಮ ಪರಿಹಾರ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಅದಿರಿಗಾಗಿ ಗುಡ್ಡಗಳನ್ನೇ ಅಗೆಯುತ್ತಿದ್ದಾರೆ. ಹಳೆಯ ಕಬ್ಬಿಣವನ್ನು ಕರಗಿಸಿದರೆ ಅದು ಕಡಿಮೆಯಾಗುವುದೇ? (ಬಳ್ಳಾರಿಯ ಓದುಗರು)

ಉತ್ತರ: ಆ ಮಟ್ಟಿಗೆ ಕಡಿಮೆಯಾಗುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಉಕ್ಕಿನ ಗುಜರಿ ಮರುಬಳಕೆ ನೀತಿಯ ಪ್ರಕಾರ ಒಂದು ಟನ್ ಗುಜರಿ ಉಕ್ಕು ಬಳಸಿದರೆ 1.1 ಟನ್ ಅದಿರು, 630 ಕಿಲೋ ಕಲ್ಲಿದ್ದಲು ಮತ್ತು 55 ಕಿಲೋ ಸುಣ್ಣಕಲ್ಲು ಉಳಿಯುತ್ತವೆ. ಸಂಡೂರಿನ ಗುಡ್ಡಗಳನ್ನು ಕಂಡವರಿಗೆ ಈ ಅಂಕಿಗಳು ಬರಿಯ ಅಂಕಿಗಳಲ್ಲ. ಮನೆ ಕಟ್ಟುವ ಸರಳುಗಳಲ್ಲಿ ಒಂದು ಪಾಲು ಹಳೆಯ ಬಾಗಿಲು, ಸೈಕಲ್ಲು, ಮುರಿದ ಕೊಡಗಳಿಂದಲೇ ಬಂದಿರುತ್ತದೆ.

ಲೋಹಗಳಲ್ಲಿ ಅತಿ ಹೆಚ್ಚಿನ ಲಾಭ ಅಲ್ಯೂಮಿನಿಯಂನದು. ಬಾಕ್ಸೈಟ್‌ನಿಂದ ಅದನ್ನು ತೆಗೆಯಲು ಬೇಕಾಗುವ ವಿದ್ಯುತ್ತು ಅಪಾರ. ಹಳೆಯ ಅಲ್ಯೂಮಿನಿಯಂ ಆದರೋ 660 ಡಿಗ್ರಿಗೆ ಕರಗುವುದರಿಂದ ಆ ಶಕ್ತಿಯ ಶೇ 5ರಷ್ಟು ಮಾತ್ರ ಸಾಕು. ಆದ್ದರಿಂದ ಪಾನೀಯದ ಡಬ್ಬಿ, ತಳ ಸವೆದ ಕುಕ್ಕರ್, ಊಟದ ಪಾರ್ಸೆಲ್ಲಿನ ಬೆಳ್ಳಿ ಬಣ್ಣದ ತಟ್ಟೆ ಯಾವುದನ್ನೂ ಬಿಸಾಡಬೇಡಿ. ತಟ್ಟೆಯ ಎಣ್ಣೆ ತೊಳೆಯುವುದು ಕಷ್ಟವಾದರೆ ಬೂದಿ ಅಥವಾ ಕಡಲೆಹಿಟ್ಟು ಹಾಕಿ ಒರೆಸಿದರೂ ಆಗುತ್ತದೆ.

ಪ್ರಶ್ನೆ: ಹಳೆಯ ಸೀರೆಗಳನ್ನು ಪಾತ್ರೆ ಕೊಡುವವಳಿಗೆ ಕೊಡುತ್ತಿದ್ದೆವು, ಈಗ ಅವಳು ಬರುವುದಿಲ್ಲ. ಕಸಕ್ಕೆ ಹಾಕಲು ಮನಸ್ಸಾಗುವುದಿಲ್ಲ. (ವಿಜಯಪುರದ ಅಜ್ಜಿ)

ಉತ್ತರ: ಅಮ್ಮಾ, ಕೌದಿ ಹೊಲಿಯುವ ಸೀಮೆಯಿಂದ ಬರೆದಿದ್ದೀರಿ. ನಾನು ನಿಮಗೆ ಹೇಳುವುದಕ್ಕಿಂತ ನೀವು ನಮಗೆ ಕಲಿಸಬೇಕಾದದ್ದು ಹೆಚ್ಚಿದೆ. ಮೆತ್ತಗಾದ ನೂಲಿನ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ ಸಾಲು ಹೊಲಿಗೆ ಹಾಕಿದ ಕೌದಿಗೆ ಸಮನಾದ ಮರುಬಳಕೆಯನ್ನು ಯಾವ ಕಾರ್ಖಾನೆಯೂ ಮಾಡಿಲ್ಲ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕವಂದಿ ಎಂಬ ತಮ್ಮ ಕೌದಿಯನ್ನು ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಮುಗಿಸುವ ಮುನ್ನ ನಾಲ್ಕೂ ಮೂಲೆಗೆ ಮಡಿಚಿದ ಬಟ್ಟೆಯ ಹೂವು ಇಡುತ್ತಾರೆ, ಅದಿಲ್ಲದಿದ್ದರೆ ಕವಂದಿ ಪೂರ್ತಿಯಾಗಲಿಲ್ಲ ಎಂದೇ ಲೆಕ್ಕ. ಊರಿನಲ್ಲಿ ಕೌದಿ ಹೊಲಿಯುವವರಿದ್ದರೆ ಕೂಲಿ ಕೊಟ್ಟು ಹೊಲಿಸಿ. ಮೊಮ್ಮಕ್ಕಳಿಗೆ ಅದಕ್ಕಿಂತ ಬೆಚ್ಚಗಿನ ಉಡುಗೊರೆ ಇಲ್ಲ.

ಪಾಲಿಯೆಸ್ಟರ್ ಸೀರೆಗಳು ಕೌದಿಗೆ ಅಷ್ಟು ಒಗ್ಗುವುದಿಲ್ಲ. ಅವುಗಳಿಂದ ಸಂತೆ ಚೀಲ ಹೊಲಿಸಬಹುದು. ಹರಿದ ಸ್ವೆಟರು, ಉಣ್ಣೆಯ ಬಟ್ಟೆಗಳು ಹರಿಯಾಣದ ಪಾಣಿಪತ್ ತಲುಪಿದರೆ ಅಲ್ಲಿ ಬಣ್ಣದ ಪ್ರಕಾರ ವಿಂಗಡಿಸಿ, ಸಿಗಿದು, ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತಾರೆ. ಕೆಂಪನ್ನು ಕೆಂಪಿನೊಡನೆ, ನೀಲಿಯನ್ನು ನೀಲಿಯೊಡನೆ ಸೇರಿಸುವುದರಿಂದ ಹೊಸದಾಗಿ ಬಣ್ಣ ಹಾಕುವ ಅಗತ್ಯವೂ ಬರುವುದಿಲ್ಲ.

ಪ್ರಶ್ನೆ: ಹಳೆಯ ಮೊಬೈಲು, ಚಾರ್ಜರು, ಇನ್ವರ್ಟರ್ ಬ್ಯಾಟರಿಯನ್ನು ಮನೆ ಬಾಗಿಲಿಗೆ ಬರುವ ಗುಜರಿಯವರಿಗೆ ಕೊಡಬಹುದೇ? ಅವರು ಒಳ್ಳೆಯ ಬೆಲೆಯನ್ನೇ ಕೊಡುತ್ತಾರೆ. (ಬೆಂಗಳೂರಿನ ಓದುಗರು)

ಉತ್ತರ: ಪೇಪರು, ಪ್ಲಾಸ್ಟಿಕ್ಕು, ಕಬ್ಬಿಣವನ್ನು ಅವರಿಗೆ ನಿಶ್ಚಿಂತೆಯಿಂದ ಕೊಡಿ. ನಗರದ ಮರುಬಳಕೆ ನಿಂತಿರುವುದೇ ಅವರಿಂದ. ಆದರೆ ಇವು ಮೂರನ್ನು ಕೊಡಬೇಡಿ. ನಮ್ಮ ಮನೆಯ ಹಿಂದಿನ ಖಾಲಿ ನಿವೇಶನದಲ್ಲಿ ಒಂದು ಸಂಜೆ ಇಬ್ಬರು ಹುಡುಗರು ವೈರುಗಳ ರಾಶಿಗೆ ಬೆಂಕಿ ಹಚ್ಚಿ ಪಕ್ಕದಲ್ಲಿಯೇ ಕುಳಿತಿದ್ದರು. ದೊಡ್ಡವನಿಗೆ ಹದಿನಾಲ್ಕು ವರ್ಷ ಇದ್ದೀತು. ತಾಮ್ರದ ಮೇಲಿನ ಪಿವಿಸಿ ಉರಿದುಹೋಗಲಿ ಎಂದು ಕಾಯುತ್ತಿದ್ದರು, ಕಣ್ಣು ಉರಿಯುತ್ತಿದ್ದರೂ ಕದಲುತ್ತಿರಲಿಲ್ಲ. ಆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷಗಳಿರುತ್ತವೆ. ಆ ರಾಶಿಯಲ್ಲಿ ನಮ್ಮ ಮನೆಯ ಹಳೆಯ ಚಾರ್ಜರೂ ಇದ್ದಿರಬಹುದೆಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಬ್ಯಾಟರಿಯ ಸೀಸ 327 ಡಿಗ್ರಿಗೇ ಕರಗುವುದರಿಂದ ಅದನ್ನು ಹಿತ್ತಲಿನ ಒಲೆಯಲ್ಲಿಯೂ ಕರಗಿಸಬಹುದು, ಅಪಾಯ ಇರುವುದೇ ಅಲ್ಲಿ. ಆಮ್ಲ ಮಣ್ಣಿಗೆ ಹೋಗುತ್ತದೆ, ಸೀಸದ ಧೂಳು ಮಕ್ಕಳ ರಕ್ತಕ್ಕೆ ಸೇರಿ ಮಿದುಳಿನ ಬೆಳವಣಿಗೆಯನ್ನು ಕೆಡಿಸುತ್ತದೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಗೆ ಕೊಟ್ಟರೆ ಬೆಲೆಯಲ್ಲಿ ವಜಾ ಸಿಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆ ತಯಾರಕರದು. ಮೊಬೈಲಿನ ಲಿಥಿಯಂ ಬ್ಯಾಟರಿಯನ್ನು ಒಣ ಕಸದ ಚೀಲಕ್ಕೆ ಹಾಕಬೇಡಿ. ಅದು ಗಾಡಿಯಲ್ಲಿ ಒತ್ತಿಕೊಂಡು ತೂತಾದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಇ-ತ್ಯಾಜ್ಯವನ್ನು ಕ್ರಮಬದ್ಧವಾಗಿ ಬಿಡಿಸುವ ಕೆಲಸದಲ್ಲಿ ನಮ್ಮ ರಾಜ್ಯ ಮುಂದಾಳಾಗಿತ್ತೆಂಬುದು ಹೆಮ್ಮೆಯ ವಿಷಯ. ದೇಶದಲ್ಲಿ ಸರ್ಕಾರದ ಮಾನ್ಯತೆ ಪಡೆದ ಮೊದಲ ಇ-ತ್ಯಾಜ್ಯ ಘಟಕ ಇ-ಪರಿಸರ 2005ರಲ್ಲಿ ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿ ಆರಂಭವಾಯಿತು. ಈಗ ಮಾನ್ಯತೆ ಪಡೆದ ಘಟಕಗಳು ಹಲವಿವೆ. ಅವುಗಳ ಪಟ್ಟಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಿಗುತ್ತದೆ. ಬಡಾವಣೆಯವರು ಸೇರಿ ವರ್ಷಕ್ಕೆರಡು ಸಲ ಒಂದೆಡೆ ಸಂಗ್ರಹಿಸಿದರೆ ಅವರೇ ಬಂದು ಒಯ್ಯುವಂತೆ ಏರ್ಪಾಟು ಮಾಡಿಕೊಳ್ಳಬಹುದು.

ಪ್ರಶ್ನೆ: ಒಡೆದ ಲೋಟ, ಬ್ಲೇಡು, ಇನ್ಸುಲಿನ್ ಸೂಜಿಗಳನ್ನು ಹೇಗೆ ಕೊಡಬೇಕು? (ಹಾಸನದ ಓದುಗರು)

ಉತ್ತರ: ಒಡೆದ ಗಾಜನ್ನು ಎರಡು ಮೂರು ಪದರ ಪೇಪರಿನಲ್ಲಿ ಸುತ್ತಿ, ಹಳೆಯ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ ‘ಗಾಜು’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಅಕ್ಷರ ಬಾರದ ಕೈಗೂ ತಿಳಿಯುವಂತೆ ಒಂದು ಕೆಂಪು ಗೆರೆಯನ್ನೂ ಎಳೆಯಿರಿ. ಗಾಡಿಯವರ ಕೈಗೆ ನೇರವಾಗಿ ಕೊಟ್ಟು, ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿ. ಬ್ಲೇಡುಗಳನ್ನು ತಗಡಿನ ಡಬ್ಬಿಯೊಂದರಲ್ಲಿ ಕೂಡಿಡಿ, ಡಬ್ಬಿ ತುಂಬಿದ ಮೇಲೆ ಅದನ್ನು ಹಾಗೆಯೇ ಮುಚ್ಚಿ ಕಬ್ಬಿಣದ ಗುಜರಿಗೆ ಕೊಡಬಹುದು. ಸೂಜಿಗಳನ್ನು ಒಣ ಕಸಕ್ಕೆ ಸೇರಿಸುವಂತಿಲ್ಲ. ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಅಂಟುಪಟ್ಟಿ ಸುತ್ತಿ, ನಿಮಗೆ ಚಿಕಿತ್ಸೆ ಕೊಡುವ ಆಸ್ಪತ್ರೆ ತೆಗೆದುಕೊಳ್ಳುವುದೇ ಎಂದು ವಿಚಾರಿಸಿ. ಇಲ್ಲವಾದರೆ ಕೆಂಪು ಬುಟ್ಟಿಯ ಕಸದ ಜೊತೆ, ಆದರೆ ಬೇರೆ ಡಬ್ಬಿಯಾಗಿಯೇ, ಸೂಜಿ ಎಂದು ತಿಳಿಸಿ ಕೊಡಿ. ನಮ್ಮ ಕೇಂದ್ರದಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಕೈಗವಸು ಹಾಕಿಕೊಂಡರೆ ತೆಳು ಪ್ಲಾಸ್ಟಿಕ್ಕಿನ ಜಾತಿ ಬೆರಳಿಗೆ ತಿಳಿಯುವುದಿಲ್ಲವೆಂದು ಬರಿಗೈಯಲ್ಲಿಯೇ ಆಯುತ್ತಾರೆ.